ದಿಗಂತ ರೇಡಿಯೋ ಹೇಳದ ಹೆಸರುಗಳು

ದಿಗಂತ ರೇಡಿಯೋದ ಇತಿಹಾಸ ಅಂತ ಒಂದು ಪುಸ್ತಕ ಬಂದಿದೆ. ನುಣುಪು ಕಾಗದ, ಬಣ್ಣದ ಚಿತ್ರಗಳು, ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುವಷ್ಟು ಭಾರ. ಅದರಲ್ಲಿ ಟ್ರಾನ್ಸ್‌ಮೀಟರಿನ ಚಿತ್ರವಿದೆ, ಡೈರೆಕ್ಟರುಗಳು ಸಾಲಾಗಿ ಕೂತ ಚಿತ್ರವಿದೆ, ಒಬ್ಬ ಡೈರೆಕ್ಟರು ಸಾಕಿದ್ದ ನಾಯಿಯ ಚಿತ್ರವೂ ಇದೆ. ಚಿತ್ರದ ಕೆಳಗೆ ನಾಯಿಯ ಹೆಸರಿದೆ. ನಮ್ಮವ್ವನ ಹೆಸರಿಲ್ಲ. ನಮ್ಮೂರಿನ ಹೆಸರೂ ಇಲ್ಲ, 'ಸಮುದ್ರದಂಚಿನ ಒಂದು ಪುಟ್ಟ ಊರು' ಅಂತ ಬರೆದು ಮುಗಿಸಿದ್ದಾರೆ. ನಾಯಿಗೆ ಹೆಸರಿದೆ, ಊರಿಗಿಲ್ಲ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ನಾನು ಬರೆದದ್ದರಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ಮಾತ್ರ ತಿದ್ದಬೇಡಿ.

ಪುಸ್ತಕದಲ್ಲಿ ಸರಿಯಾಗಿ ಬರೆದದ್ದೂ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಯುದ್ಧದ ಕಾಲದಲ್ಲಿ ಯಾವುದೋ ದೇಶದ ದಂಡು ನಮ್ಮ ಗುಡ್ಡದ ಮೇಲೆ ಉಕ್ಕಿನ ಕಂಬಗಳನ್ನು ನೆಟ್ಟು, ಯುದ್ಧ ಮುಗಿದ ಮೇಲೆ ಹೊತ್ತುಕೊಂಡು ಹೋಗಲಾರದೆ ಬಿಟ್ಟುಹೋಯಿತು. ಕಂಪನಿಯವರು ಬಂದು ಅದನ್ನು ಹಿಡಿದರು. ಆಗ ಸುತ್ತಲಿನ ದೇಶಗಳ ಸರಕಾರಿ ರೇಡಿಯೋಗಳಲ್ಲಿ ಸಿನಿಮಾ ಹಾಡಿಗೆ ಜಾಗವಿರಲಿಲ್ಲ. ಸಿನಿಮಾ ಹಾಡು ಕೇಳಿದರೆ ಜನ ಕೆಡುತ್ತಾರೆ ಅಂತ ಯಾರೋ ಮಂತ್ರಿ ತೀರ್ಮಾನ ಮಾಡಿದ್ದ. ಜನ ಕೆಡುವುದಕ್ಕೆ ತುದಿಗಾಲ ಮೇಲೆ ನಿಂತಿದ್ದರು. ಕಂಪನಿ ಗುಡ್ಡದ ಮೇಲಿಂದ ಹಾಡು ಬಿಟ್ಟಿತು, ಎರಡು ಹಾಡಿನ ನಡುವೆ ಹಲ್ಲುಪುಡಿ, ಸಾಬೂನು, ನೋವಿನ ಮುಲಾಮು ಮಾರಿತು. ಹತ್ತು ದೇಶಗಳ ಚಹಾದಂಗಡಿಯಲ್ಲಿ ರೇಡಿಯೋದ ಮುಳ್ಳು ತಿರುಗಿ ದಿಗಂತಕ್ಕೆ ಬಂದು ನಿಂತಿತು. ವಾರದ ಹಾಡುಗಳಲ್ಲಿ ಈ ಸಲ ಯಾವುದಕ್ಕೆ ಮೊದಲ ಸ್ಥಾನ ಅಂತ ಗೆಳೆಯರು ಪಂದ್ಯ ಕಟ್ಟುತ್ತಿದ್ದರಂತೆ, ಮರುಭೂಮಿಯಲ್ಲಿ ದುಡಿಯಲು ಹೋದವರು ಮೆಚ್ಚಿನ ಹಾಡಿಗೆ ಪತ್ರ ಬರೆದು ತಮ್ಮ ಹೆಸರು ಬರುತ್ತದೆಂದು ಕಾಯುತ್ತಿದ್ದರಂತೆ. ಇದೆಲ್ಲ ನಿಜ.

ಆದರೆ ಆ ಹೆಸರುಗಳನ್ನು ಓದಿದ್ದು ಯಾರ ದನಿ? 'ನಮ್ಮ ಉದ್ಘೋಷಕರ ಮಧುರ ಕಂಠ' ಅಂತ ಪುಸ್ತಕ ಹೇಳುತ್ತದೆ. ಕಂಠ ಅಂದರೆ ಮನುಷ್ಯರ ಕೊರಳಲ್ಲಿ ಇರುವಂಥದ್ದು. ಆ ದನಿಗಳು ಯಾರ ಕೊರಳಲ್ಲೂ ಇರಲಿಲ್ಲ. ಸ್ಟುಡಿಯೋದ ಮೈಕುಗಳಲ್ಲಿ ಇದ್ದವು. ಕೊರಳುಗಳು ಕೆಳಗೆ, ನಮ್ಮ ಓಣಿಯಲ್ಲಿ, ಸುಮ್ಮನೆ ಇದ್ದವು.

ದನಿ ಕೊಡುವುದು ಬಹಳ ಸುಲಭದ ಕೆಲಸವಾಗಿತ್ತು. ಗುಡ್ಡ ಹತ್ತಬೇಕು, ತೋರಿಸಿದ ಮೈಕಿನ ಮುಂದೆ ನಿಲ್ಲಬೇಕು, ತನ್ನ ಹೆಸರು ಹೇಳಬೇಕು. ಅದೇ ಕೊನೆಯ ಮಾತು. ಹೆಸರು ಹೇಳಿದವರು ಮೂಕರಾಗಿ ಇಳಿದು ಬರುತ್ತಿದ್ದರು, ದನಿ ಮೈಕಿನಲ್ಲಿ ಉಳಿಯುತ್ತಿತ್ತು. ಮೈಕಿನ ಮುಂದೆ ಒಂದು ವ್ಯಾಸಪೀಠ. ಅದೇ, ಪುರಾಣ ಓದುವವರು ಹೊತ್ತಿಗೆ ಇಡುವ ಕಟ್ಟಿಗೆಯ ಕತ್ತರಿಪೀಠ. ಅದರ ಮೇಲೆ ಯಾವ ಹಾಳೆ ಇಟ್ಟರೆ ದನಿ ಅದನ್ನು ಓದುತ್ತಿತ್ತು. ಯಾವ ಭಾಷೆಯಲ್ಲಿ ಇಟ್ಟರೂ ಓದುತ್ತಿತ್ತು. ನಮ್ಮವ್ವ ಕಂಡದ್ದು ಒಂದೇ ಭಾಷೆ, ಅವಳ ದನಿ ಕಂಡದ್ದು ಒಂಬತ್ತೋ ಹತ್ತೋ. ಬದಲಿಗೆ ಕಂಪನಿ ಮನೆಗೊಂದು ರೇಡಿಯೋ ಕೊಟ್ಟಿತ್ತು, ಮತ್ತೆ ತಿಂಗಳು ತಿಂಗಳು ಹಲ್ಲುಪುಡಿಯ ಡಬ್ಬಿ. ನಮ್ಮೂರಲ್ಲಿ ಮಾತಾಡುವ ಬಾಯಿ ಕಡಿಮೆ, ಬೆಳ್ಳಗಿನ ಹಲ್ಲು ಹೆಚ್ಚು.

ಊರು ಇದಕ್ಕೆ ಹೊಂದಿಕೊಂಡಿತ್ತು. ಊರಿಗೆ ಯಾವುದಕ್ಕೂ ಹೊಂದಿಕೊಳ್ಳುವ ಕೆಟ್ಟ ಚಟವಿದೆ. ದನಿ ಕೊಟ್ಟವರ ಮನೆಯಲ್ಲಿ ಊಟಕ್ಕೆ ಕೂತಾಗ ಅವರ ಮಣೆಯ ಪಕ್ಕ ಇನ್ನೊಂದು ಮಣೆ ಹಾಕಿ ರೇಡಿಯೋ ಇಡುತ್ತಿದ್ದೆವು. ಹಬ್ಬದ ದಿನ ಅದಕ್ಕೂ ಕುಂಕುಮ. ತಾಯಂದಿರು ಮಕ್ಕಳನ್ನು ಕರೆಯಲು ತಾಟು ಬಡಿಯುತ್ತಿದ್ದರು. ಒಬ್ಬೊಬ್ಬರ ತಾಟಿನ ಸಪ್ಪಳ ಒಂದೊಂದು ಥರ, ಓಣಿಯ ತುದಿಯಲ್ಲಿ ಆಡುತ್ತಿದ್ದರೂ ನಮ್ಮ ನಮ್ಮ ತಾಟು ನಮಗೆ ಗೊತ್ತಾಗುತ್ತಿತ್ತು. ನಮ್ಮವ್ವನಿಗೆ ನನ್ನ ಮೇಲೆ ಸಿಟ್ಟು ಬಂದರೆ ನೋವಿನ ಮುಲಾಮಿನ ಜಾಹೀರಾತು ಬರುವ ತನಕ ಕಾದು, ಬಂದ ಕೂಡಲೆ ರೇಡಿಯೋದ ಕಿವಿ ತಿರುವಿ ಜೋರು ಮಾಡುತ್ತಿದ್ದಳು. 'ಬೆನ್ನುನೋವೆ? ಸೊಂಟನೋವೆ? ಚಿಂತೆ ಬೇಡ' ಅಂತ ಅವಳದೇ ದನಿ ನಗುನಗುತ್ತಾ ಕೇಳುತ್ತಿತ್ತು, ಅವಳು ಕೈಯಲ್ಲಿ ಬಾರಕೋಲು ಹಿಡಿದು ನಿಂತಿರುತ್ತಿದ್ದಳು. ಹೊರಗಿನವರಿಗೆ ನಗು ಬರಬಹುದು. ನನಗೆ ಬೆನ್ನು ಉರಿಯುತ್ತಿತ್ತು.

ಗುಡ್ಡದ ಮೇಲೆ ಅವಳ ಹೆಸರು ಕುಮಾರಿ ಮಂದಾರ. ಕಂಪನಿ ಎಲ್ಲ ದನಿಗೂ ಒಂದೊಂದು ಸುಳ್ಳು ಹೆಸರು ಇಟ್ಟಿತ್ತು. ಹಡಗಿನವರು ಬಂದರಿಗೆ ಬಂದಾಗ ಹೂವಿನ ಹಾರ ಹಿಡಿದು ಕುಮಾರಿ ಮಂದಾರ ಎಲ್ಲಿ ಅಂತ ಕೇಳುತ್ತಿದ್ದರು. ಅವಳು ಅವರ ಎದುರೇ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಶಾಲೆಯಲ್ಲಿ 'ನನ್ನ ತಾಯಿ' ಅಂತ ನಿಬಂಧ ಬರೆಯಲು ಹೇಳಿದಾಗ, ನಮ್ಮವ್ವ ಏನೇನು ಮಾತಾಡುತ್ತಾಳೋ ಎಲ್ಲ ಬರೆದೆ: ಹಲ್ಲು ಮುತ್ತಿನಂತೆ ಹೊಳೆಯಲಿ, ಈಗ ಕೇಳಿರಿ ಮರುಭೂಮಿಯ ಗೆಳೆಯರ ಮೆಚ್ಚಿನ ಹಾಡು, ಮುಲಾಮು ಹಚ್ಚಿರಿ ನೋವ ಮರೆಯಿರಿ. ಮಾಸ್ತರು ಅದನ್ನು ತರಗತಿಯ ಮುಂದೆ ನಿಂತು ದನಿ ತೆಗೆದು ಓದಿದರು. ಎಲ್ಲರೂ ನಕ್ಕರು, ಅವ್ವ ಅಪ್ಪ ದನಿ ಕೊಟ್ಟ ಮಕ್ಕಳೂ ನಕ್ಕರು. ನಾನು ಮಾಸ್ತರರ ಕೈಯಿಂದ ಹಾಳೆ ಕಸಿದುಕೊಂಡು ಹೊರಗೆ ಬಂದವನು ತಿರುಗಿ ಆ ಹೊಸಿಲು ತುಳಿಯಲಿಲ್ಲ. ಮುಂದೆ ಗುಡ್ಡದ ಕಂಬಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಸೇರಿದೆ. ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ಒಂದು ತುದಿಯಿಂದ ಕೆರೆದು ಬಳಿಯುತ್ತಾ ಬಂದರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನದು ಮತ್ತೆ ಕೆಂಪಾಗಿರುತ್ತದೆ. ನನ್ನ ಸಿಟ್ಟೂ ಹಂಗೇ ಇತ್ತು.

ದನಿ ತಿರುಗಿ ಬರುವುದೇ ಇಲ್ಲವೆ ಅಂದರೆ, ಬರುತ್ತದೆ. ಅದು ಗೊತ್ತಾದದ್ದು ದನಿ ಕೊಟ್ಟಿದ್ದ ನಮ್ಮ ಓಣಿಯ ಬಸಲಿಂಗವ್ವನಿಂದ. ಮೊದಮೊದಲಿನ ಕಾಲದಲ್ಲಿ ಯಾವುದೋ ದ್ವೀಪದಿಂದ ಇನ್ನೊಬ್ಬ ಬಸಲಿಂಗವ್ವ ಹಾಡಿಗೆ ಪತ್ರ ಬರೆದಿದ್ದಳು. ಆ ಹಾಳೆ ನಮ್ಮ ಬಸಲಿಂಗವ್ವನ ದನಿಯ ಮುಂದೆಯೇ ಬಿತ್ತು. ದನಿ ಆ ಹೆಸರನ್ನು ಓದಿತು, ಮೈಕು ಬರಿದಾಯಿತು. ಕೆಳಗೆ ಬಾವಿಕಟ್ಟೆಯಲ್ಲಿ ಬಸಲಿಂಗವ್ವ, "ನನ್ನ ಕೊಡ ಯಾರ ಒಯ್ದ್ರಿ?" ಅಂದಳು. ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಬಿಟ್ಟುಬಿಟ್ಟರು. ಕೊಟ್ಟಾಗ ಹೇಳಿದ ಹೆಸರನ್ನು ದನಿ ತಾನೇ ಮತ್ತೊಮ್ಮೆ ಹೇಳಿದರೆ ಸಾಕು, ಅದು ಮನೆಗೆ ಬರುತ್ತದೆ. ಕಂಪನಿಗೂ ಇದು ಅವತ್ತೇ ತಿಳಿಯಿತು. ಅಲ್ಲಿಂದ ನಮ್ಮೂರ ಪತ್ರಗಳನ್ನು ಓದಲಿಲ್ಲ, ನಮ್ಮೂರ ಕಡೆಯ ಹೆಸರಿನಂತೆ ಕಂಡದ್ದನ್ನೆಲ್ಲ ಹೊಡೆದುಹಾಕಿದರು, ಸ್ಟುಡಿಯೋಗೆ ನಮ್ಮವರು ಕಾಲಿಡದಂತೆ ಕಾವಲು ಹಾಕಿದರು. ಯಂತ್ರ ನೋಡಿಕೊಳ್ಳುವ ಫಕೀರಪ್ಪ ಒಬ್ಬ ಮಾತ್ರ ಒಳಗೆ, ಅದೂ ಗಾಜಿನ ಆಚೆ. ಈಗ ಹೇಳಿ, ಹೆಸರು ಹೇಳದೆ ಇತಿಹಾಸ ಬರೆದದ್ದು ಯಾಕೆ ಅಂತ. ಮರೆತದ್ದಲ್ಲ. ಹೆದರಿದ್ದು.

ಫಕೀರಪ್ಪನ ಕಥೆ ನಮ್ಮದಕ್ಕಿಂತ ಕೆಟ್ಟದ್ದು. ಅವನ ಅಪ್ಪ ಸತ್ತು ಎಷ್ಟೋ ವರ್ಷವಾಗಿದೆ. ಆದರೆ ದನಿ ಮೇಲೆ ಮೈಕಿನಲ್ಲಿ ಅಣ್ಣ ಸುಧಾಕರ ಅನ್ನುವ ಹೆಸರಿನಲ್ಲಿ ದಿನಾ ಬೆಳಿಗ್ಗೆ ಸಾಬೂನು ಮಾರುತ್ತಿದೆ. ದನಿ ಇನ್ನೂ ದುಡಿಯುತ್ತಿರುವವನಿಗೆ ದಿನಕರ್ಮ ಹೇಗೆ ಮಾಡುವುದು ಅಂತ ಊರ ಸ್ವಾಮಿಗಳು ಕೈ ಚೆಲ್ಲಿದರು. ಹಂಗಾಗಿ ಫಕೀರಪ್ಪನ ತಾಯಿ ಗಂಗಕ್ಕನ ಹಣೆಯಲ್ಲಿ ಕುಂಕುಮ ಹಂಗೇ ಇತ್ತು, ಕೈಯಲ್ಲಿ ಬಳೆ ಹಂಗೇ ಇದ್ದವು. ಮದುವೆಮನೆಗೆ ಕರೆಯಬೇಕೋ ಬೇಡವೋ ಜನಕ್ಕೆ ತಿಳಿಯುತ್ತಿರಲಿಲ್ಲ. "ಇದ್ದಾಗ ಇಷ್ಟ ಮಾತಾಡತಿದ್ದಿಲ್ಲ ಬಿಡ. ಈಗ ದಿನಾ ಮೈ ತೊಳಕೊಳ್ಳಾಕ ಹೇಳತಾನ," ಅಂತ ಗಂಗಕ್ಕ ನಗುತ್ತಿದ್ದಳು. ನಕ್ಕು ಒಳಗೆ ಹೋಗಿ ರೇಡಿಯೋದ ಮೇಲಿನ ಧೂಳು ಒರೆಸುತ್ತಿದ್ದಳು.

ಕಾಲ ಬದಲಾಯಿತು. ಹಾಡು ಜನರ ಕಿಸೆಯಲ್ಲೇ ಬಂದು ಕೂತ ಮೇಲೆ ದಿಗಂತದ ಮುಳ್ಳು ಹುಡುಕುವವರು ಯಾರು? ಕಂಪನಿ ಗುಡ್ಡವನ್ನು ಪರದೇಶದ ಇನ್ನೊಂದು ಕಂಪನಿಗೆ ಮಾರಿತು. ಕಂಬ ಕಿತ್ತು ಹೋಟೆಲು ಕಟ್ಟುತ್ತಾರಂತೆ, ಮೈಕುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗು ಹತ್ತಿಸುತ್ತಾರಂತೆ. ಅಲ್ಲಿ ಆ ದನಿಗಳು ರೈಲು ನಿಲ್ದಾಣಗಳಲ್ಲಿ ರೈಲು ತಡವಾಗಿದೆ ಅಂತ ಹೇಳುತ್ತವಂತೆ. ಇದನ್ನು ನನಗೆ ಹೇಳಿದ್ದು ಫಕೀರಪ್ಪ. ನಾನು ಬಣ್ಣದ ಡಬ್ಬಿ ಸೊಂಟಕ್ಕೆ ಕಟ್ಟಿಕೊಂಡೇ ಡೈರೆಕ್ಟರ್ ಸಬನೀಸ ಸಾಹೇಬರ ಕೋಣೆಗೆ ನುಗ್ಗಿದೆ.

"ನಮ್ಮವ್ವನ ದನಿ ತಿರುಗಿ ಕೊಟ್ಟು ಹೋಗ್ರಿ," ಅಂದೆ.

ಸಬನೀಸರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮಾತುಗಾರರು, ಅವರದು ಸ್ವಂತ ದನಿ. "ನೋಡಪ್ಪಾ, ಅದು ನಿಮ್ಮ ತಾಯಿಯ ದನಿ ಅಂತ ಈಗ ಹೇಳಲಾಗುವುದಿಲ್ಲ. ಅದು ಕುಮಾರಿ ಮಂದಾರಳ ದನಿ. ಲಕ್ಷಾಂತರ ಶ್ರೋತೃಗಳ ಆಸ್ತಿ ಅದು. ನಿಮ್ಮ ತಾಯಿ ಅದನ್ನು ಇಟ್ಟುಕೊಂಡಿದ್ದರೆ ಏನು ಮಾಡುತ್ತಿದ್ದರು ಹೇಳು? ಮೀನು ಕೂಗಿ ಮಾರುತ್ತಿದ್ದರು."

"ಹೌದ್ರಿ, ಮೀನಾ ಮಾರತಿದ್ದಳು. ನನ್ನ ಹೆಸರ ಹಿಡಿದೂ ಕರಿತಿದ್ದಳು."

"ಭಾವುಕನಾಗಬೇಡ. ಹಸ್ತಾಂತರದ ದಿನ ಇಡೀ ಊರನ್ನು ಕರೆದಿದ್ದೇವೆ. ಶಾಲು ಹೊದಿಸುತ್ತೇವೆ. ಒಂದು ತಾಸು ನಮ್ಮ ಇತಿಹಾಸದ ಕಾರ್ಯಕ್ರಮವಿದೆ, ಎಲ್ಲ ದನಿಗಳೂ ಓದುತ್ತವೆ. ನಿಮ್ಮ ತಾಯಿಗೆ ಹೆಮ್ಮೆಯಾಗುತ್ತದೆ."

"ನೀವ ಹೊದಕೋರಿ ಆ ಶಾಲ," ಅಂದು ಹೊರಬಿದ್ದೆ. ಕಾವಲಿನವರು ಬೆನ್ನಿಗೆ ಕೈ ಹಾಕಿ ದಬ್ಬುವ ಮೊದಲೇ ಹೊರಬಿದ್ದದ್ದು ಅಂತ ಹೇಳಿಕೊಳ್ಳಲು ಆಸೆಯಿದೆ, ಆದರೆ ದಬ್ಬಿದರು.

ಹಸ್ತಾಂತರದ ದಿನ ಬೆಳಿಗ್ಗೆ ಮನೆಯಲ್ಲಿ ಅವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಕೂತಿದ್ದಳು. ಶಾಲಿಗಾಗಿ ಇವಳೂ ತಯಾರಾದಳಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಅವಳ ಮುಂದೆಯೇ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ 'ವಿಮಲಾ' ಅಂತ ಬರೆದೆ. "ಇವತ್ತ ಇದನ್ನ ನಿನ್ನ ಮೈಕಿನ ಮುಂದ ಇಡತೀನಿ. ಕಿಟಕಿ ಹೊರಗಿನ ಕಂಬಕ್ಕ ಬಣ್ಣ ಹಚ್ಚೂದೈತಿ ಅಂತ ಹೇಳಿ ಮ್ಯಾಲೆ ಹತ್ತತೀನಿ, ಒಳಗ ಜಿಗಿತೀನಿ. ಅವರ ಕಾರ್ಯಕ್ರಮದಾಗ, ಜಗತ್ತೆಲ್ಲ ಕೇಳೂ ಮುಂದ, ನಿನ್ನ ಹೆಸರ ಬರತೈತಿ," ಅಂದೆ.

ಅವ್ವ ಹಾಳೆಯನ್ನು ನೋಡಿದಳು. ತಲೆ ಅಲ್ಲಾಡಿಸಿದಳು. ನನ್ನ ತೋಳು ಹಿಡಿದು ಜಗ್ಗಿದಳು. ಅವಳು ಮಾತಿಗೆ ಬದಲು ಬಳಸುವ ಪಾಟಿ ಗೂಡಿನಲ್ಲಿತ್ತು, ಅದನ್ನು ತರಲು ಎದ್ದಳು. ಬೇಡ ಅನ್ನಲಿಕ್ಕೆ, ಹೆದರಿಕೆಗೆ ಅಂತ ನಾನು ತಿಳಿದೆ.

"ಅವ್ವಾ, ನೀ ಸುಮ್ಮಕಿರು," ಅಂದೆ. "ನಿನ್ನ ಪರವಾಗಿ ನಾ ಮಾತಾಡತೀನಿ."

ಮೂಕಿಯಾದವಳಿಗೆ ಸುಮ್ಮಕಿರು ಅಂತ ಹೇಳಿ, ಅವಳು ಬಳಪ ಹುಡುಕುವುದರೊಳಗೆ ಓಣಿ ದಾಟಿ ಗುಡ್ಡದ ಹಾದಿ ಹಿಡಿದಿದ್ದೆ.

ಗುಡ್ಡದ ಮೇಲೆ ಶಾಮಿಯಾನ ಹಾಕಿದ್ದರು. ಊರೆಲ್ಲ ಬಂದು ಕೂತಿತ್ತು. ದನಿ ಕೊಟ್ಟವರು ಮುಂದಿನ ಸಾಲಿನಲ್ಲಿ, ಅವರವರ ರೇಡಿಯೋ ಅವರವರ ತೊಡೆಯ ಮೇಲೆ. ಸತ್ತವರ ರೇಡಿಯೋಗಳನ್ನು ಮನೆಯವರು ಎತ್ತಿಕೊಂಡು ಬಂದಿದ್ದರು. ಗಂಗಕ್ಕ ತನ್ನದಕ್ಕೆ ಹೊಸ ಅರಿವೆ ಹೊದಿಸಿದ್ದಳು. ಪರದೇಶದ ಕಂಪನಿಯವರು ಬೆವರು ಒರೆಸಿಕೊಳ್ಳುತ್ತಾ ಮೆತ್ತನೆ ಕುರ್ಚಿಯಲ್ಲಿ ಕೂತಿದ್ದರು. ಕಂಬದ ಮೇಲಿನ ಭೋಂಗಾ ಸ್ಪೀಕರಿನಲ್ಲಿ ಕಾರ್ಯಕ್ರಮ ಸುರುವಾಯಿತು. ಒಂದೊಂದೇ ದನಿ ಸರದಿಯ ಮೇಲೆ ಓದುತ್ತಾ ಬಂತು. ಯುದ್ಧ ಬಂತು, ಮಂತ್ರಿ ಬಂದ, ಮೊದಲ ಡೈರೆಕ್ಟರು ಬಂದರು, ಅವರ ದೂರದೃಷ್ಟಿ ಬಂತು, ನಾಯಿ ಬಂತು. ತಮ್ಮನ್ನು ಒಯ್ದವರ ಹೊಗಳಿಕೆಯನ್ನು ನಮ್ಮವರ ದನಿಗಳೇ ಎಷ್ಟು ಚಂದಾಗಿ ಓದುತ್ತಿದ್ದವು ಅಂದರೆ, ಕಂಬದ ಮೇಲೆ ಕೂತ ನಾನು ಬಳಿದ ಜಾಗಕ್ಕೇ ಮತ್ತೆ ಮತ್ತೆ ಬಣ್ಣ ಬಳಿಯುತ್ತಿದ್ದೆ.

'ನಮ್ಮ ಶ್ರೋತೃಗಳಿಗೆ ಚಿರಪರಿಚಿತ ಕುಮಾರಿ ಮಂದಾರ' ಅಂತ ಬಂದದ್ದೇ ತಡ, ಕಿಟಕಿಯಿಂದ ಒಳಗೆ ಜಿಗಿದೆ. ಮೈಕುಗಳು ಗೋಡೆಗುಂಟ ಸಾಲಾಗಿ ನಿಂತಿದ್ದವು, ಹುಗಿದ ಹೆಣಗಳು ಎದ್ದು ನಿಂತ ಹಾಗೆ. ಯಾವುದು ಅವ್ವನದು ಅಂತ ಹುಡುಕಬೇಕಾಗಲಿಲ್ಲ, ಮಾತಾಡುತ್ತಿತ್ತು. ಅದರ ವ್ಯಾಸಪೀಠದ ಮೇಲಿನ ಅವರ ಹಾಳೆ ಕಿತ್ತು ನನ್ನ ಹಾಳೆ ಇಟ್ಟೆ.

"ವಿಮಲಾ," ಅಂತು ದನಿ. ಭೋಂಗಾದಿಂದ ಹೊರಗೆಲ್ಲ ಕೇಳಿತು. ಜನ ಅವ್ವನ ಕಡೆ ತಿರುಗಿದರು. ನಾನು ಕಿಟಕಿಯಿಂದ ಅವ್ವನನ್ನೇ ನೋಡುತ್ತಿದ್ದೆ. ಅವಳು ಬಾಯಿ ತೆರೆಯಲಿಲ್ಲ. ದನಿ ಮತ್ತೊಮ್ಮೆ, "ವಿಮಲಾ," ಅಂತು. ಓದಿದ್ದನ್ನೇ ಓದುತ್ತಾ ಹೋಯಿತು, ಯಾರೋ ಪರವೂರಿನ ಹೆಂಗಸಿನ ಹೆಸರು ಓದುವ ಹಾಗೆ. ಅಷ್ಟರಲ್ಲಿ ಕಾವಲಿನವರು ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರು. ಸಬನೀಸರು ಓಡಿಬಂದು ನನ್ನ ಹಾಳೆ ತೆಗೆದು, ನೋಡಿ, ನಕ್ಕುಬಿಟ್ಟರು.

"ಇದೇ ಹೆಸರೇನಪ್ಪಾ ನಿಮ್ಮ ತಾಯಿದು?" ಅಂದರು. "ನಿನಗೇ ಗೊತ್ತಿಲ್ಲ. ನಮ್ಮ ಮೇಲೆ ಸಿಟ್ಟು."

ಆಗ ನನಗೆ ತಿಳಿಯಿತು. ನಮ್ಮೂರಲ್ಲಿ ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯವರು ಬೇರೆ ಹೆಸರಿಡುತ್ತಾರೆ. ಹರಿವಾಣದಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಆ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾನೆ. ಆಮೇಲೆ ಹಳೆಯ ಹೆಸರನ್ನು ಯಾರೂ ಎತ್ತುವುದಿಲ್ಲ, ಎತ್ತಿದರೆ ಅಪಶಕುನ, ಒಡಹುಟ್ಟಿದವರು ಕೂಡ ಎತ್ತುವುದಿಲ್ಲ. ಅವ್ವ ದನಿ ಕೊಟ್ಟದ್ದು ಮದುವೆಗೆ ಮೊದಲು. ಬಾಯಿಲ್ಲದವಳನ್ನು ತಂದುಕೊಂಡರೆ ಮನೆ ತಣ್ಣಗಿರುತ್ತದೆ ಅಂತಲೇ ನಮ್ಮ ಅಜ್ಜ ಅವಳನ್ನು ಸೊಸೆ ಮಾಡಿಕೊಂಡನಂತೆ. ಕಂಪನಿ ಅವಳನ್ನು ಮಂದಾರ ಮಾಡುವುದಕ್ಕೂ ನಮ್ಮ ಮನೆ ಅವಳನ್ನು ವಿಮಲಾ ಮಾಡುವುದಕ್ಕೂ ನಡುವೆ ಎಷ್ಟು ದಿನದ ಅಂತರವೋ ನನಗೆ ಗೊತ್ತಿಲ್ಲ. ಅವಳು ಮೈಕಿಗೆ ಹೇಳಿದ ಹೆಸರು ಯಾವುದೋ ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ತೋಳು ಜಗ್ಗಿದ್ದು ಅದಕ್ಕೆ.

ಸಬನೀಸರು ಹಾಳೆಯನ್ನು ಮುದ್ದೆ ಮಾಡಿ, ಅವರ ಹಾಳೆಯನ್ನು ಮತ್ತೆ ಪೀಠದ ಮೇಲಿಟ್ಟರು. ದನಿ ಏನೂ ಆಗಿಲ್ಲವೆಂಬಂತೆ, 'ಜಗತ್ತಿನ ಮೂಲೆಮೂಲೆಯ ಶ್ರೋತೃಗಳ ಪ್ರೀತಿಯೇ ನಮ್ಮ' ಅಂತ ಮುಂದುವರಿಯಿತು.

ಹೊರಗೆ ಮುಂದಿನ ಸಾಲಿನಿಂದ ಅವ್ವ ಎದ್ದಳು. ರೇಡಿಯೋವನ್ನು ಗಂಗಕ್ಕನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟುಡಿಯೋದ ಮೆಟ್ಟಿಲ ಕಡೆಗೆ ನಡೆದಳು. ಬಾಗಿಲ ಕಾವಲಿನವರು ನನ್ನ ಮೇಲೆ ಬಿದ್ದಿದ್ದರು, ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಸಬನೀಸರು, "ಅಮ್ಮಾ, ಶಾಲು ಆಮೇಲೆ ಕೊಡುತ್ತೇವೆ, ಹೊರಗೆ ಕೂತುಕೊಳ್ಳಿ," ಅಂದರು. ನಿಜವಾಗಿ ಹಂಗೇ ಅಂದರು. ಅವ್ವ ಸೆರಗಿನ ಒಳಗಿಂದ ಪಾಟಿ ತೆಗೆದಳು, ನಾನು ಬೆಳಿಗ್ಗೆ ನೋಡದೆ ಬಂದ ಪಾಟಿ. ಅದನ್ನು ಅವರ ಹಾಳೆಯ ಮೇಲೆ ಇಟ್ಟಳು.

ದನಿ ನಡುವಿನಲ್ಲೇ ತಡೆಯಿತು. ಭೋಂಗಾದಲ್ಲಿ ಗಾಳಿಯ ಸಪ್ಪಳ ಮಾತ್ರ. ಆಮೇಲೆ ಹತ್ತು ದೇಶಗಳಿಗೆ ಕೇಳುವ ಹಾಗೆ, ಎಂದೂ ಜಾಹೀರಾತಿಗೆ ಬಳಸದ ಒಂದು ಸಣ್ಣ ದನಿಯಲ್ಲಿ ಅದು ಹೇಳಿತು: "ತಂಗೆವ್ವ."

ಮೈಕು ಬರಿದಾಯಿತು. ಅವ್ವ ಒಂದು ಸಲ ಕೆಮ್ಮಿದಳು. ಕೊರಳಿಗೆ ಕೈ ಹಚ್ಚಿ ನೋಡಿಕೊಂಡಳು. ಆಮೇಲೆ ತಿರುಗಿ, ನನ್ನ ಕುತ್ತಿಗೆ ಹಿಡಿದು ನಿಂತವರಿಗೆ, "ಬಿಡ್ರಿ ಅವನ್ನ," ಅಂದಳು. "ನನ್ನ ಮಗ ಅವ."

ಹದಿನೆಂಟರ ಹುಡುಗಿಯ ದನಿ. ತಲೆಯಲ್ಲಿ ನರೆ, ಬಾಯಲ್ಲಿ ಹುಡುಗಿ. ಅವರು ಕೈ ಬಿಟ್ಟರು. ಜೀವಮಾನವೆಲ್ಲ ಕೇಳಿದ ದನಿ ಅದು, ಆದರೆ ನನ್ನ ಬಗ್ಗೆ ಒಂದು ಮಾತು ಆಡಿದ್ದು ಅದೇ ಮೊದಲು.

"ಪ್ರಸಾರ ನಿಲ್ಲಿಸು," ಅಂತ ಸಬನೀಸರು ಗಾಜಿನ ಆಚೆಯ ಫಕೀರಪ್ಪನಿಗೆ ಕೂಗಿದರು. ಅವರ ಮಾತಿನ ನಯವೆಲ್ಲ ಹೋಗಿತ್ತು. "ಏ, ನಿಲ್ಲಿಸು ಅಂದೆ. ಬಂದ್ ಮಾಡು."

ಫಕೀರಪ್ಪ ಯಂತ್ರದ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡೇ ಇದ್ದ. ಕೆಲಸಕ್ಕೆ ಸೇರಿದಾಗಿನಿಂದ ಸಾಹೇಬರ ಎದುರು ತಲೆ ಎತ್ತಿದವನಲ್ಲ. "ಸಾಹೇಬ್ರ," ಅಂದ, "ನಮ್ಮಪ್ಪನ ಹೆಸರ ಇನ್ನೂ ಬಂದಿಲ್ರಿ."

ಹಿಡಿಕೆ ಎಳೆಯಲಿಲ್ಲ. ಅವ್ವ ಪಾಟಿ ಒರೆಸಿ, ಪಕ್ಕದ ಮೈಕಿನ ಮುಂದೆ ಹೋಗಿ ನಿಂತು, "ಇದು ಯಾರದು?" ಅಂದಳು. ಸಬನೀಸರು ಅಡ್ಡ ಬಂದರು. ಅಷ್ಟರಲ್ಲಿ ಬಾಗಿಲಲ್ಲಿ ಊರು ನಿಂತಿತ್ತು. ಬಸಲಿಂಗವ್ವ ಎಲ್ಲರಿಗಿಂತ ಮುಂದೆ, "ಸರೀರಿ ಸಾಹೇಬ್ರ, ಭಾಳ ವರ್ಷ ನೀವ ಮಾತಾಡೀರಿ," ಅಂತ ಅವರನ್ನು ಹೆಗಲಿನಿಂದಲೇ ಪಕ್ಕಕ್ಕೆ ಸರಿಸಿದಳು. ಪಾಟಿ ಒಂದೇ ಇತ್ತು. ಜನ ಅಂಗೈಯಲ್ಲಿ ಬರೆದುಕೊಂಡು ಬಂದರು, ನನ್ನ ಬಣ್ಣದ ಡಬ್ಬಿಯಲ್ಲಿ ಬೆರಳದ್ದಿ, ಹೊದಿಸಲು ತಂದಿಟ್ಟಿದ್ದ ಶಾಲುಗಳ ಮೇಲೆ ಬರೆದರು. ಗಂಡನ ಮನೆ ಒರೆಸಿದ ಹೆಸರುಗಳನ್ನು ಮುದುಕಿಯರು ಜ್ಞಾಪಿಸಿಕೊಂಡು ಬರೆದರು. ಕೈ ನಡುಗುವವರಿಗೆ ಅವ್ವ ಬರೆದುಕೊಟ್ಟಳು. ಅವಳ ಜೊತೆಗೆ ಶಾಲೆ ಕಲಿತು, ಅವಳ ಜೊತೆಗೆ ಗುಡ್ಡ ಹತ್ತಿದ ಹುಡುಗಿಯರ ತವರಿನ ಹೆಸರು ಅವಳಿಗೆ ಒಂದೂ ಮರೆತಿರಲಿಲ್ಲ. ಮೈಕಿನಿಂದ ಮೈಕಿಗೆ ಹೆಸರುಗಳು ಬಂದವು: ದ್ಯಾಮವ್ವ. ಹನುಮಂತಿ. ಹುಸೇನಬಿ. ಕರಿಯಪ್ಪ. ಒಂದೊಂದು ಹೆಸರಿಗೂ ಹೊರಗೆ ಶಾಮಿಯಾನದಲ್ಲಿ ಒಬ್ಬೊಬ್ಬರು ಕೆಮ್ಮಿದರು, ಬಾಯಿಗೆ ಬಂದದ್ದು ಮಾತಾಡಿದರು. ಒಬ್ಬಳು ಗಂಡನಿಗೆ ಬೈದಳು. ಒಬ್ಬಾತ ತನ್ನ ಹೆಸರನ್ನೇ ಮತ್ತೆ ಮತ್ತೆ ಹೇಳಿಕೊಂಡ. ಆ ದಿನ ಮರುಭೂಮಿಯಲ್ಲಿ, ದ್ವೀಪಗಳಲ್ಲಿ ಯಾರಾದರೂ ಮುಳ್ಳು ತಿರುಗಿಸಿ ದಿಗಂತ ಹಾಕಿದ್ದರೆ ಅವರು ಕೇಳಿದ್ದು ಇದನ್ನೇ. ನಡುವೆ ಹಲ್ಲುಪುಡಿ ಇರಲಿಲ್ಲ.

ಕೊನೆಗೆ ಫಕೀರಪ್ಪ ತಾನೇ ಗಾಜಿನ ಈಚೆ ಬಂದು, ಅಣ್ಣ ಸುಧಾಕರನ ಮುಂದೆ ಪಾಟಿ ಇಟ್ಟ. "ದುರಗಪ್ಪ," ಅಂತು ಆ ಗಂಭೀರ ದನಿ. ಹೊರಗೆ ಗಂಗಕ್ಕನ ತೊಡೆಯ ಮೇಲಿನ ರೇಡಿಯೋ ಸುಮ್ಮನಾಯಿತು. ಅವಳು ಅದಕ್ಕೆ ಹೊದಿಸಿದ ಹೊಸ ಅರಿವೆಯನ್ನು ಇನ್ನಷ್ಟು ಮೇಲೆಳೆದು ಮುಚ್ಚಿ, ಅದರ ಮೇಲೆ ತಲೆ ಇಟ್ಟು, ಇಷ್ಟು ವರ್ಷ ಅಳಲು ಹಕ್ಕಿಲ್ಲದವಳು ಅತ್ತಳು. ಫಕೀರಪ್ಪ ಹೋಗಿ ಹಿಡಿಕೆ ಕೆಳಗೆ ಎಳೆದ. ದಿಗಂತ ರೇಡಿಯೋ ಅಲ್ಲಿಗೆ ಮುಗಿಯಿತು.

ಪುಸ್ತಕದ ಕೊನೆಯ ಪುಟದಲ್ಲಿ ಇದಕ್ಕೆ ಒಂದೇ ಸಾಲು: 'ತಾಂತ್ರಿಕ ಅಡಚಣೆಯಿಂದಾಗಿ ಕೊನೆಯ ಕಾರ್ಯಕ್ರಮ ಪೂರ್ಣಗೊಳ್ಳಲಿಲ್ಲ.' ತಾಂತ್ರಿಕ ಅಡಚಣೆಯಂತೆ. ನಮ್ಮವ್ವ ತಾಂತ್ರಿಕ ಅಡಚಣೆ. ದ್ಯಾಮವ್ವ, ಹುಸೇನಬಿ, ಸತ್ತ ದುರಗಪ್ಪ, ಎಲ್ಲರೂ ತಾಂತ್ರಿಕ ಅಡಚಣೆ. ಪುಸ್ತಕ ಬಂದ ದಿನ ನಾನು ಅದನ್ನು ಒಲೆಗೆ ಹಾಕುತ್ತೇನೆ ಅಂತ ಅಡಿಗೆಮನೆಗೆ ನುಗ್ಗಿದೆ. ಸಬನೀಸನಿಗೆ, ಅವನ ಮುಂದಿನವರಿಗೆ, ಹಿಂದಿನವರಿಗೆ, ಆ ನಾಯಿಗೆ ಕೂಡ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಈ ಇತಿಹಾಸವನ್ನು ನಾನು ಬರೆಯುತ್ತೇನೆ, ನಿನ್ನ ಪರವಾಗಿ ನಾನು ಜಗತ್ತಿಗೆ ಹೇಳುತ್ತೇನೆ ಅಂತ ಕೂಗುತ್ತಿದ್ದೆ.

ಅವ್ವ ಊಟಕ್ಕೆ ಮಣೆ ಹಾಕುತ್ತಿದ್ದಳು. ನನಗೊಂದು, ತನಗೊಂದು. ರೇಡಿಯೋದ ಮಣೆಯನ್ನು ಗೋಡೆಗೆ ಆನಿಸಿಟ್ಟಳು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಬಿಸಿ ಗಡಿಗೆಯ ಕೆಳಗೆ ಇಟ್ಟಳು. ಆಮೇಲೆ ಎದುರಿಗೆ ಕೂತು ಆ ಹುಡುಗಿಯ ದನಿಯಲ್ಲಿ ನನ್ನ ಹೆಸರು ಹಿಡಿದು, "ಯಮನೂರಿ," ಅಂದಳು. ಮತ್ತೆ ಹೇಳಲಿ ಅಂತ ಕಾದೆ. ಹೇಳಿದಳು.

"ಯಮನೂರಿ, ನೀ ಈಗ ಸುಮ್ಮಕಿರು. ಮೊದಲ ನಾ ಹೇಳತೀನಿ, ಆಮ್ಯಾಲೆ ಬರಿ."

ಸುಮ್ಮನಾದೆ.